ಅಪ್‌ಡೇಟ್: 40ನೇ ಪದ ಸಿಕ್ಕಿತು, 200ರ ಗೊಂದಲವೂ ಮುಗಿಯಿತು
ಶಿರಸಿಯಿಂದ ಮತ್ತೆ ನಾನೇ. 8, 15, 22, 29... ಈ ಸಮಾಂತರ ಶ್ರೇಢಿಯ 40ನೇ ಪದ ಯಾವುದು, 200 ಇದರಲ್ಲಿ ಬರುತ್ತದಾ ಅಂತ ಕೇಳಿದ್ದೆ. ಹತ್ತನೇ ಕ್ಲಾಸಿನ ಮಗಳಿಗಾಗಿ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಸೂತ್ರ ಅವಳಿಗೆ ಬಾಯಿಪಾಠ. ಪದದ ಸ್ಥಾನದಲ್ಲಿ ಒಂದು ಕಳೆದು, ಸಾಮಾನ್ಯ ವ್ಯತ್ಯಾಸದಿಂದ (ಪಕ್ಕಪಕ್ಕದ ಪದಗಳ ಅಂತರ, ಇಲ್ಲಿ 7) ಗುಣಿಸಿ, ಮೊದಲ ಪದಕ್ಕೆ ಕೂಡಿಸಬೇಕು. ಆದರೆ ಆ ಒಂದನ್ನು ಯಾಕೆ ಕಳೆಯಬೇಕು? ಗಂಟು ಇದ್ದದ್ದೇ ಅಲ್ಲಿ. ಮನೆ ಹಿಂದಿನ ಅಡಿಕೆ ಅಟ್ಟದ ಒಂದು ಸಾಲಿನ ಕಂಬ ಎಣಿಸು ಅಂದೆ. ಕಂಬ ಆರು, ನಡುವಿನ ಜಾಗ ಐದೇ. "ಹಾಗಾದ್ರೆ 40ನೇ ಪದಕ್ಕೆ 39 ಜಿಗಿತ!" ಅಂದಳು. 39 × 7 = 273. ಅದಕ್ಕೆ 8 ಸೇರಿಸಿದರೆ 281.

200ರಲ್ಲಿ 8 ಕಳೆದರೆ 192. ಏಳರಿಂದ ಭಾಗಿಸಿದರೆ 3 ಉಳಿಯುತ್ತದೆ, ಹಾಗಾಗಿ ಅದು ಇಲ್ಲ. 204 ಇದೆ, 29ನೇ ಪದ.

ನಿಮ್ಮಲ್ಲೊಬ್ಬರು ಹೇಳಿದ್ದು ನನಗೆ ಜಾಸ್ತಿ ಹಿಡಿಸಿತು: ಇಲ್ಲಿನ ಪ್ರತಿ ಪದವೂ ಏಳರ ಮಗ್ಗಿಗಿಂತ ಒಂದು ಹೆಚ್ಚು. 40ನೇದು 280 + 1, ಬಾಯಲ್ಲೇ ಆಯಿತು. ತಾಳೆ ನೋಡೋಕೆ ಸಾಕು. ಪರೀಕ್ಷೆಯಲ್ಲಿ ಮಾತ್ರ ಹಂತ ಬರೆಯಲೇಬೇಕು, ಅಲ್ವಾ?