ಸಹಾಯ ಬೇಕು: ಏರ್ ಪಿಸ್ತೂಲಿಗೆ ಯಾವ ಅಳತೆಯ ಪೆಲೆಟ್?

ಪುಣೆ ಕನ್ನಡಿಗರಿಗೆ ನಮಸ್ಕಾರ. ಮಗಳು ಬಾಲೇವಾಡಿಯಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಲೀತಿದ್ದಾಳೆ. ಇಷ್ಟು ದಿನ 4.50 ಮಿ.ಮೀ. ಪೆಲೆಟ್ (ಸೀಸದ ಪುಟ್ಟ ಗುಂಡು) ಹಾಕ್ತಿದ್ದಳು. ಹೋದ ವಾರ ಅದು ಸಿಗದೆ 4.49ರ ಡಬ್ಬಿ ತಂದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲವಲ್ಲ ಅಂದುಕೊಂಡಿದ್ದೆ! ಈಗ ಗುಂಡುಗಳೆಲ್ಲ ಚೆಲ್ಲಾಪಿಲ್ಲಿ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತ ಇರೋದೇ 11.5 ಮಿ.ಮೀ. ಅಗಲ. ಪೆಲೆಟ್ ಸಡಿಲವಾದರೆ ನಳಿಗೆಯ ಸುರುಳಿಗೆರೆಗಳನ್ನು ಸರಿಯಾಗಿ ಕಚ್ಚಲ್ಲ, ಗಾಳಿ ಸೋರುತ್ತೆ, ಅಷ್ಟು ಗೊತ್ತು. ಆದರೆ ತಪ್ಪು ಪೆಲೆಟ್‌ದೋ, ಪರೀಕ್ಷೆ ಹತ್ತಿರ ಬಂದಿರೋ ಹುಡುಗಿಯ ಕೈದೋ?

ಪಿಸ್ತೂಲನ್ನು ಕೈಯಲ್ಲಿ ಹಿಡಿಯದೆ, ಅಲುಗಾಡದ ಹಾಗೆ ವೈಸ್‌ನಲ್ಲಿ ಬಿಗಿದು, 4.48ರಿಂದ 4.52ರವರೆಗೆ ಒಂದೊಂದು ಅಳತೆಗೂ ಐದೈದು ಹೊಡೆದು ನೋಡೋ ವ್ಯವಸ್ಥೆ ಪುಣೆ, ಪಿಂಪ್ರಿ ಕಡೆ ಯಾರ ಹತ್ತಿರವಾದರೂ ಇದೆಯಾ? ಪೂರ್ತಿ ಡಬ್ಬಿ ಕೊಳ್ಳೋ ಬದಲು ಹತ್ತಿಪ್ಪತ್ತು ಪೆಲೆಟ್ ಕೊಡೋರಿದ್ದರೆ ದುಡ್ಡು ಕೊಟ್ಟೇ ತಗೋತೀನಿ.