ಗರಿಷ್ಠ ಬೇಡಿಕೆ: ಬೇಡುವುದೋ, ಎಳೆಯುವುದೋ?

ಪ್ರಶ್ನೆ

ನಮಸ್ಕಾರ. ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಪಾಯಿಂಟುಗಳನ್ನು ಗ್ರಿಡ್‌ಗೆ ಜೋಡಿಸುವ ಬಗೆಗಿನ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಮೂರು ಕಡೆ ತೊಡಕಾಗಿದೆ. ಒಂದು, ಕನೆಕ್ಟೆಡ್ ಲೋಡ್, ಸ್ಯಾಂಕ್ಷನ್ಡ್ ಲೋಡ್, ಮ್ಯಾಕ್ಸಿಮಮ್ ಡಿಮ್ಯಾಂಡ್ ಮೂರಕ್ಕೂ ಕರಡಿನಲ್ಲಿ 'ಸಾಮರ್ಥ್ಯ' ಎಂದೇ ಇದೆ. ಮೂರನೆಯದಕ್ಕೆ 'ಗರಿಷ್ಠ ಬೇಡಿಕೆ' ಎಂದು ತಿದ್ದಿದರೆ ಸಾಕೇ? ಎರಡು, 'ಪೆಟ್ಟಿಗೆಯು ಕಾರಿಗೆ 32 ಆಂಪಿಯರ್ ಕಳಿಸುತ್ತದೆ' ಎಂಬ ವಾಕ್ಯ ಸರಿಯೇ? ಮೂರು, 'ಜಾಲದ ಸಂಪರ್ಕ ತಪ್ಪಿದರೆ ಪೆಟ್ಟಿಗೆ 6 ಆಂಪಿಯರ್‌ಗೆ ಇಳಿಯುತ್ತದೆ' ಎಂಬ ಸಾಲನ್ನು ಓದಿದವರು, ಕರೆಂಟೇ ಹೋದಮೇಲೆ 6 ಆಂಪಿಯರ್ ಎಲ್ಲಿಂದ ಬಂತು ಎಂದು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ

ನಮಸ್ಕಾರ. ಎರಡನೆಯದನ್ನು ಮೊದಲು ಬಿಡಿಸೋಣ, ಮೊದಲನೆಯದರ ಗಂಟೂ ಅಲ್ಲೇ ಇದೆ.

'ಕಳಿಸುತ್ತದೆ' ತಪ್ಪು. ಕರೆಂಟ್ ಎಳೆಯುವುದು ಕಾರು. ಗೋಡೆಗೆ ಹಾಕುವ ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟಿನ) ಪೆಟ್ಟಿಗೆಯನ್ನು ಎಲ್ಲರೂ ಚಾರ್ಜರ್ ಎನ್ನುತ್ತಾರೆ, ಆದರೆ ಎಸಿಯನ್ನು ಡಿಸಿ (ಒಂದೇ ದಿಕ್ಕಿನ ಕರೆಂಟು) ಮಾಡಿ ಬ್ಯಾಟರಿಗೆ ತುಂಬುವ ಚಾರ್ಜರ್ ಇರುವುದು ಕಾರಿನೊಳಗೆ. ಪೆಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಒಂದು ಕಾಂಟ್ಯಾಕ್ಟರ್ (ಕರೆಂಟನ್ನು ಜೋಡಿಸಿ ಕಡಿಯುವ ಸ್ವಿಚ್) ಮತ್ತು ಕಾರಿನೊಡನೆ ಮಾತಾಡುವ ಪೈಲಟ್ ತಂತಿಯ ಸರ್ಕ್ಯೂಟ್. ಆ ತಂತಿಯಲ್ಲಿ ಸೆಕೆಂಡಿಗೆ 1000 ಸಲ ಏರಿಳಿಯುವ ಸಂಕೇತ ಹೋಗುತ್ತಿರುತ್ತದೆ. ಒಂದೊಂದು ಏರಿಳಿತದಲ್ಲೂ ಶೇಕಡ ಎಷ್ಟು ಹೊತ್ತು ಅದು ಮೇಲೆ ನಿಂತಿರುತ್ತದೋ ಅದನ್ನು 0.6ರಿಂದ ಗುಣಿಸಿದರೆ, ಕಾರು ಎಷ್ಟು ಆಂಪಿಯರ್‌ವರೆಗೆ ಎಳೆಯಬಹುದು ಎಂಬುದು ಸಿಗುತ್ತದೆ. ಶೇ. 53.3 ಇದ್ದರೆ 32, ಶೇ. 26.7 ಇದ್ದರೆ 16, ಶೇ. 10 ಇದ್ದರೆ 6. ಆರಕ್ಕಿಂತ ಕೆಳಗೆ ಅನುಮತಿಯೇ ಇಲ್ಲ. ಕಾರಿನ ಒಳಗಿನ ಚಾರ್ಜರ್ 16 ಆಂಪಿಯರ್‌ದಾದರೆ, ಪೆಟ್ಟಿಗೆ 32 ಎಂದು ಹೇಳಿದರೂ ಅದು ಎಳೆಯುವುದು 16 ಮಾತ್ರ.

ಕ್ರಿಯಾಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ. ಪೆಟ್ಟಿಗೆ 'ಕಳಿಸುತ್ತದೆ' ಎಂದು ಓದಿಕೊಂಡವರು, ಕಡಿಮೆ ಕಳಿಸಲಿ ಎಂದು 32ರ ಎಂಸಿಬಿ (ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ತೆಗೆದು 16ರದ್ದು ಹಾಕುತ್ತಾರೆ. ಪೈಲಟ್ ತಂತಿ ಇನ್ನೂ 32 ಎಂದೇ ಹೇಳುತ್ತಿರುತ್ತದೆ, ಕಾರು ಅಷ್ಟನ್ನೂ ಎಳೆಯುತ್ತದೆ, ಎಂಸಿಬಿ ಕಾದು ಸ್ವಲ್ಪ ಹೊತ್ತಿನಲ್ಲೇ ಟ್ರಿಪ್ ಆಗುತ್ತದೆ. ಮೊದಲು ಇಳಿಸಬೇಕಾದದ್ದು ಪೆಟ್ಟಿಗೆಯೊಳಗಿನ ಆಂಪಿಯರ್ ಸೆಟ್ಟಿಂಗ್. ಆದ್ದರಿಂದ ವಾಕ್ಯ ಹೀಗಿರಲಿ: 'ಕಾರು 32 ಆಂಪಿಯರ್‌ವರೆಗೆ ಎಳೆಯಲು ಪೆಟ್ಟಿಗೆ ಬಿಡುತ್ತದೆ.'

ಇನ್ನು ಮೂರು ಲೋಡ್‌ಗಳು. ಒಂದು ಪಾರ್ಕಿಂಗ್ ಜಾಗದಲ್ಲಿ 230 ವೋಲ್ಟ್, 32 ಆಂಪಿಯರ್‌ನ 12 ಸಿಂಗಲ್ ಫೇಸ್ ಪಾಯಿಂಟುಗಳಿವೆ ಎನ್ನಿ. ಒಂದೊಂದು ಸುಮಾರು 7.4 ಕಿಲೋವ್ಯಾಟ್, ಒಟ್ಟು 88. ಇದು ಜೋಡಿಸಿದ ಲೋಡ್. ವಿದ್ಯುತ್ ಕಂಪನಿ 44ಕ್ಕೆ ಮಾತ್ರ ಒಪ್ಪಿದ್ದರೆ ಅದು ಮಂಜೂರಾದ ಲೋಡ್. ಯಾವ ಪೆಟ್ಟಿಗೆ ಎಷ್ಟು ಆಂಪಿಯರ್ ಬಿಡಬೇಕೆಂದು ಹೇಳುವ, ಲೋಡ್ ಹಂಚುವ ಸಾಧನ ಇದ್ದರೆ ಎರಡೂ ಜೊತೆಗೆ ಬಾಳಬಲ್ಲವು: 44 ಕಿಲೋವ್ಯಾಟನ್ನು ಮೂರು ಫೇಸಿಗೆ ಹಂಚಿದರೆ ಫೇಸಿಗೆ 64 ಆಂಪಿಯರ್, ಒಂದು ಫೇಸಿನ ಮೇಲೆ 4 ಕಾರುಗಳಿದ್ದರೆ ತಲಾ 16. ಕಟ್ಟಡದ ಬೇರೆ ಬಳಕೆ ಏರಿ ಫೇಸಿಗೆ 20 ಆಂಪಿಯರ್ ಮಾತ್ರ ಉಳಿದರೆ ತಲಾ 5 ಕೊಡಲಾಗದು, ಆರೇ ಕನಿಷ್ಠ. ಮೂರು ಕಾರು 6ರಲ್ಲಿ ನಡೆದು ನಾಲ್ಕನೆಯದು ಸರದಿ ಕಾಯಬೇಕು. ಈ ಲೆಕ್ಕವೆಲ್ಲ ಪಾಯಿಂಟುಗಳನ್ನು ಮೂರೂ ಫೇಸಿಗೆ ಸಮವಾಗಿ ಹಂಚಿದಾಗ ಮಾತ್ರ. ತ್ರೀ ಫೇಸ್ ಪೆಟ್ಟಿಗೆಗಳಾದರೆ ಇನ್ನೂ ಎಚ್ಚರ ಬೇಕು: ಸಿಂಗಲ್ ಫೇಸ್ ಕಾರು ಮೊದಲ ಫೇಸನ್ನೇ ಬಳಸುವುದರಿಂದ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಫೇಸ್ ಕ್ರಮ ಬದಲಿಸದಿದ್ದರೆ ಎಲ್ಲ ಕಾರುಗಳ ಭಾರ ಒಂದೇ ತಂತಿಯ ಮೇಲೆ ಕೂರುತ್ತದೆ.

ಮ್ಯಾಕ್ಸಿಮಮ್ ಡಿಮ್ಯಾಂಡ್ ಈ ಎರಡೂ ಅಲ್ಲ. ಮೀಟರು ಸಾಮಾನ್ಯವಾಗಿ 15 ಅಥವಾ 30 ನಿಮಿಷದ ಸರಾಸರಿ ತೆಗೆಯುತ್ತ ಹೋಗಿ, ಬಿಲ್ಲಿನ ಅವಧಿಯಲ್ಲಿ ಬಂದ ಅತಿ ದೊಡ್ಡ ಸರಾಸರಿಯನ್ನು ಹಿಡಿದಿಡುತ್ತದೆ. ಅಂದರೆ ಇದು ಆಗಿಹೋದ ಎಳೆತ. 'ಬೇಡಿಕೆ' ಎಂದಾಗ ಕನ್ನಡ ಕಿವಿಗೆ ಬೇಡುವುದು, ಕೇಳಿಕೊಳ್ಳುವುದು ಕೇಳಿಸುತ್ತದೆ. ವಿದ್ಯುತ್ ಸಂಪರ್ಕದ ಅರ್ಜಿ ತುಂಬುವವರು ತಮಗೆಷ್ಟು ಬೇಕೋ ಅಷ್ಟನ್ನು ಅಲ್ಲಿ ಬರೆದುಬಿಡುವ ಅಪಾಯವಿದೆ. ಬಿಲ್ಲುಗಳಲ್ಲಿ ಬೇರೂರಿದ ಪದವಾದ್ದರಿಂದ ಕಿತ್ತುಹಾಕುವುದು ಬೇಡ. ಮೊದಲ ಸಲ ಬಂದಲ್ಲಿ 'ಗರಿಷ್ಠ ಬೇಡಿಕೆ, ಅಂದರೆ ಮೀಟರಿನಲ್ಲಿ ದಾಖಲಾದ ಅತಿ ಹೆಚ್ಚಿನ ಎಳೆತ' ಎಂದು ಬಿಡಿಸಿ ಬರೆಯಿರಿ. 'ಲೋಡ್' ಹಾಗೇ ಇರಲಿ. 'ಹೊರೆ' ಎಂದರೆ ಸಾಲದ ಹೊರೆಯ ನೆರಳು ಬೀಳುತ್ತದೆ. 'ಸಾಮರ್ಥ್ಯ'ವನ್ನು ಟ್ರಾನ್ಸ್‌ಫಾರ್ಮರು, ಬ್ಯಾಟರಿಗಳಿಗೆ ಮೀಸಲಿಡಿ.

ಡಿಸಿ ಫಾಸ್ಟ್ ಚಾರ್ಜರ್‌ಗೆ 'ಚಾರ್ಜರ್' ಎಂಬ ಹೆಸರು ಸಲ್ಲುತ್ತದೆ, ಎಸಿಯನ್ನು ಡಿಸಿ ಮಾಡುವ ಕೆಲಸ ಅದರೊಳಗೇ ನಡೆಯುತ್ತದೆ. ಅಲ್ಲಿ ಕಾರು ಎಷ್ಟು ಕೇಳುತ್ತದೋ ಅಷ್ಟನ್ನು ಚಾರ್ಜರ್ 'ಕೊಡುತ್ತದೆ' ಎನ್ನಬಹುದು. ಆದರೆ 60 ಕಿಲೋವ್ಯಾಟ್ ಎಂದು ಬರೆದಿರುವುದು ಕಾರಿಗೆ ಕೊಡುವ ಲೆಕ್ಕ. ದಕ್ಷತೆ ಶೇ. 95, ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ಕೆಲಸಕ್ಕೆ ಬರುವ ಪಾಲು) 0.98 ಎಂದಾದರೆ ಗ್ರಿಡ್‌ನಿಂದ ಎಳೆಯುವುದು ಸುಮಾರು 63 ಕಿಲೋವ್ಯಾಟ್, 64.5 ಕೆವಿಎ (ಆ ಪಾಲಿನಿಂದ ಭಾಗಿಸಿದಾಗ ಸಿಗುವ ಒಟ್ಟು ಎಳೆತ). ಅರ್ಜಿಗೆ ಬೇಕಾದದ್ದು ಈ ಅಂಕಿ. ಕೈಪಿಡಿಯಲ್ಲಿ 'ಒಳಬರುವ', 'ಹೊರಹೋಗುವ' ಎಂಬ ವಿಶೇಷಣ ಎಲ್ಲೂ ಬಿಟ್ಟುಹೋಗದಿರಲಿ.

ಮೂರನೆಯದರಲ್ಲಿ ತಪ್ಪಿರುವುದು 'ಜಾಲ'. 'ವಿದ್ಯುತ್ ಜಾಲ' ಒಳ್ಳೆಯ ಪದವೇ, ಆದರೆ ಬರಿಯ 'ಜಾಲ' ಈಗ ಇಂಟರ್ನೆಟ್ಟಿಗೆ ಹೋಗಿದೆ, ಮತ್ತು ಈ ಪೆಟ್ಟಿಗೆಗೆ ಎರಡೂ ಬೇಕು. ನಿಮ್ಮ ಸಾಲಿನಲ್ಲಿರುವುದು ಡೇಟಾ ಸಂಪರ್ಕ. ಲೋಡ್ ಹಂಚುವ ಸಾಧನದ ಮಾತು ಕೇಳಿಸದಾದಾಗ, ಒಟ್ಟು ಎಳೆತ ಮಿತಿ ಮೀರದಿರಲಿ ಎಂದು ಪೆಟ್ಟಿಗೆ ತಾನೇ ಕನಿಷ್ಠಕ್ಕೆ ಇಳಿಯುತ್ತದೆ. ಹೀಗೆ ತಿದ್ದಿ: 'ಲೋಡ್ ಹಂಚುವ ಸಾಧನದೊಂದಿಗಿನ ಡೇಟಾ ಸಂಪರ್ಕ ತಪ್ಪಿದರೆ, ಕಾರು 6 ಆಂಪಿಯರ್‌ಗಿಂತ ಹೆಚ್ಚು ಎಳೆಯಲು ಪೆಟ್ಟಿಗೆ ಬಿಡುವುದಿಲ್ಲ.'