ಕಂತುಗಳಲ್ಲಿ ಮುಗಿದ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಅನ್ನು ಸ್ವಂತವಾಗಿ ಪುಸ್ತಕ ಮಾಡುವುದು ಹೇಗೆ?

ಕೇಳಿದವರು: ಬೆಟ್ಟದ_ನೆಲ್ಲಿ, ತುಮಕೂರು

ಆ್ಯಪ್‌ನಲ್ಲಿ ಕಂತುಗಳಾಗಿ ಬಂದ ಕಾದಂಬರಿ ಮುಗಿದಿದೆ, ಸುಮಾರು 60,000 ಪದ. ದೇವರಾಯನದುರ್ಗದ ತಪ್ಪಲಿನ ಹುಡುಗಿ, ಕೋಟೆ ಬಿಟ್ಟು ಕದಲಲಾಗದ ಒಂದು ಆತ್ಮ, ಇವರಿಬ್ಬರ ಪ್ರೇಮಕಥೆ. ಎರಡನೇ ಭಾಗ ಕೆಜಿಎಫ್‌ನಲ್ಲಿ ನಡೆಯುತ್ತದೆ. ಪ್ರಕಾಶಕರಿಗೆ ಕೊಡದೆ ನಾನೇ ಪ್ರಕಟಿಸಬೇಕೆಂದಿದ್ದೇನೆ. ಇ-ಬುಕ್ ಎಲ್ಲಿ ಹಾಕುವುದು? ಇಲ್ಲಿನ ಪ್ರೆಸ್‌ನವರು ಫೈಲನ್ನು ನುಡಿ ತಂತ್ರಾಂಶದಲ್ಲೇ ಕೊಡಿ ಅನ್ನುತ್ತಿದ್ದಾರೆ, ಕೊಡಬಹುದೇ? ಎಷ್ಟು ಪ್ರತಿ ಹಾಕಿಸಬೇಕು? ಎರಡನೇ ಭಾಗ ಶುರುಮಾಡುವ ಮುಂಚೆ ಏನೇನು ಸಿದ್ಧವಿರಬೇಕು?

ಉತ್ತರ 1: ಅಚ್ಚುಮೊಳೆ

ಮೊದಲು ಫೈಲ್ ವಿಚಾರ. ಎಲ್ಲ ತೊಂದರೆಯ ಮೂಲ ಅಲ್ಲೇ ಇದೆ. ಮೂಲಪ್ರತಿ ಯಾವತ್ತೂ ಫೋನು, ಇಂಟರ್ನೆಟ್ಟಿನಲ್ಲೆಲ್ಲ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಇರಲಿ. ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದಿಲ್ಲ. ಹಾಗಾಗಿ ಅದನ್ನೇ ಬಳಸುವ ಪ್ರೆಸ್‌ಗಳು ನುಡಿಯ ಹಳೆಯ ಆಸ್ಕಿ ಅಕ್ಷರಕ್ಕೆ ಪರಿವರ್ತಿಸಿಕೊಳ್ಳುತ್ತವೆ. ಆಗ ಅರ್ಕಾವತ್ತು ಜಾಗ ತಪ್ಪುತ್ತದೆ, ‘ರ್‍ಯಾಂಕ್’ ಕೆಡುತ್ತದೆ, ‘ಫೇಸ್‌ಬುಕ್’ ಹೋಗಿ ‘ಫೇಸ್ಬುಕ್’ ಆಗುತ್ತದೆ. ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಬಿದ್ದುಹೋಗುವುದೇ ಇದಕ್ಕೆ ಕಾರಣ. ಇನ್ನೂ ಕೆಟ್ಟದ್ದು ಅಂದರೆ, ಪ್ರೂಫ್ ತಿದ್ದಿದ್ದೆಲ್ಲ ಆ ನುಡಿ ಫೈಲಿನಲ್ಲೇ ಉಳಿದು ನಿಮ್ಮ ಇ-ಬುಕ್‌ನಲ್ಲಿ ತಪ್ಪುಗಳು ಹಾಗೇ ಇರುತ್ತವೆ.

ಅದಕ್ಕೇ ಪುಟವಿನ್ಯಾಸ ನೀವೇ ಮಾಡಿ ಪಿಡಿಎಫ್ ಕೊಡಿ. ಲಿಬ್ರೆಆಫೀಸ್ ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಕೂಡಿಸುತ್ತದೆ. ಇನ್‌ಡಿಸೈನ್ ಆದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಲೇಬೇಕು, ಇಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ನೋಟೊ ಸೆರಿಫ್ ಕನ್ನಡ ಅಥವಾ ಗುಬ್ಬಿ ಫಾಂಟ್ ಎರಡೂ ಉಚಿತ. ಪಿಡಿಎಫ್‌ನಲ್ಲಿ ಫಾಂಟ್ ಎಂಬೆಡ್ ಆಗಿದೆಯೇ ನೋಡಿಕೊಳ್ಳಿ. ಎರಡೂ ಅಂಚು ಸಮ ಮಾಡಿದರೆ ನಮ್ಮ ಉದ್ದುದ್ದ ಪದಗಳಿಂದ ಸಾಲಿನ ನಡುವೆ ಬಿಳಿ ಗುಂಡಿ ಬೀಳುತ್ತದೆ. ಅಂಥ ಸಾಲುಗಳನ್ನು ಹುಡುಕಿ ಅಕ್ಷರದ ಗಡಿಯಲ್ಲಿ ಸಾಫ್ಟ್ ಹೈಫನ್ (ಸಾಲು ಮುರಿದಾಗ ಮಾತ್ರ ಕಾಣುವ ಅಡ್ಡಗೆರೆ) ಹಾಕಿ. ಬೇಜಾರಿನ ಕೆಲಸ, ಆದರೂ ಪುಸ್ತಕದ ಮರ್ಯಾದೆ ಅಲ್ಲೇ ಉಳಿಯುವುದು. ಮತ್ತೆ, ಆ್ಯಪ್‌ಗಾಗಿ ಪ್ರತಿ ಕಂತಿನ ಮೊದಲಲ್ಲಿ ಬರೆದ ‘ಹಿಂದೆ ನಡೆದದ್ದು’ ಸಾಲುಗಳನ್ನೆಲ್ಲ ತೆಗೆಯಿರಿ. ಎರಡು ಮೂರು ಕಂತು ಕೂಡಿಸಿ ಒಂದು ಅಧ್ಯಾಯ ಮಾಡಿ. ಕಂತಿನ ಕೊನೆಯ ಕುತೂಹಲಕ್ಕೆಂದು ಪ್ರತಿ ಐದು ಪುಟಕ್ಕೊಮ್ಮೆ ಬಾಗಿಲು ಬಡಿದ ಸದ್ದು ಬಂದರೆ ಪುಸ್ತಕದ ಓದುಗರಿಗೆ ಸುಸ್ತಾಗುತ್ತದೆ.

ಲೆಕ್ಕ ಹೀಗೆ: ಕಾದಂಬರಿಗಳ ಮಾಮೂಲಿ ಅಳತೆಯಾದ ಡೆಮಿ 1/8 ಸೈಜಿನಲ್ಲಿ, 12 ಪಾಯಿಂಟ್‌ಗೆ, ಪುಟಕ್ಕೆ ಸುಮಾರು 225 ಪದ ಹಿಡಿಯುತ್ತದೆ. 60,000 ಪದಕ್ಕೆ 267 ಪುಟ. ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿಗೆ ಫಾರ್ಮ್ ಅನ್ನುತ್ತಾರೆ. ಫಾರ್ಮ್‌ಗೆ 16 ಪುಟವಾದ್ದರಿಂದ 17 ಫಾರ್ಮ್, 272 ಪುಟಕ್ಕೆ ನಿಲ್ಲಿಸಿ. ಮಿಕ್ಕ ಐದು ಪುಟದಲ್ಲಿ ಶೀರ್ಷಿಕೆ ಮತ್ತು ಹಕ್ಕಿನ ವಿವರ ಕೂರಬೇಕು. ಒಂದೇ ಪುಟ ಹೆಚ್ಚಾದರೂ ಇನ್ನೊಂದು ಫಾರ್ಮ್‌ನ ದುಡ್ಡು. 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಪ್‌ಲಿಥೊ ಕಾಗದದ ಒಳಪುಟ, 300 ಜಿಎಸ್‌ಎಂ ಆರ್ಟ್ ಕಾರ್ಡ್ ರಕ್ಷಾಪುಟ ಹಾಕಿದರೆ ಪುಸ್ತಕ ಸುಮಾರು 310 ಗ್ರಾಂ ತೂಗುತ್ತದೆ. ಬೆನ್ನಿನ ಅಗಲ ಸುಮಾರು 13 ಮಿ.ಮೀ. ಬರಬಹುದು, ಆದರೆ ಅದೇ ಕಾಗದದ ಡಮ್ಮಿ (ಅಚ್ಚಿಲ್ಲದ ಮಾದರಿ ಪ್ರತಿ) ಮಾಡಿಸಿ ಅಳೆದ ಮೇಲೆಯೇ ರಕ್ಷಾಪುಟ ಅಂತಿಮಗೊಳಿಸಿ. ತೂಕ ಯಾಕೆ ಹೇಳಿದೆ ಅಂದರೆ, ಅಂಚೆಯ ನೋಂದಾಯಿತ ಬುಕ್‌ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ಹಳೆಯ ಅಂಚೆವೆಚ್ಚ ನಂಬಿ ಬೆಲೆ ಇಟ್ಟರೆ ನೇರ ಮಾರಾಟದಲ್ಲಿ ಕೈ ಕಚ್ಚುತ್ತದೆ.

ಈ ಪ್ರಕಾರದಲ್ಲಿ ರಕ್ಷಾಪುಟ ಹೆಚ್ಚಾಗಿ ಕಪ್ಪೇ ಇರುತ್ತದೆ. ನಾಲ್ಕೂ ಬಣ್ಣ ಕೂಡಿಸಿದ ಕಪ್ಪಿನ ಮೇಲೆ ಸಣ್ಣ ಬಿಳಿ ಅಕ್ಷರ ಕೂರಿಸಬೇಡಿ. ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರದೊಳಗಿನ ಬಿಳಿ ಮುಚ್ಚಿಹೋಗುತ್ತದೆ. ಬಿಳಿ ಅಕ್ಷರ ದಪ್ಪಗಿರಲಿ, ಹಿಂಬದಿಯ ಸಾರಾಂಶವನ್ನು ತಿಳಿ ಬಣ್ಣದ ಮೇಲೆ ಕಪ್ಪಿನಲ್ಲಿ ಹಾಕಿಸಿ. ಮೊಬೈಲಿನಲ್ಲಿ ರಕ್ಷಾಪುಟವನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣದು ಮಾಡಿ ನೋಡಿ. ಹೆಸರು ಓದಲಾಗದಿದ್ದರೆ ಬದಲಿಸಿ.

ಪ್ರತಿ: ಮೊದಲು ಡಿಜಿಟಲ್ ಪ್ರಿಂಟ್‌ನಲ್ಲಿ 100 ಸಾಕು. ಆಫ್‌ಸೆಟ್‌ನಲ್ಲಿ ಸಾವಿರ ಹಾಕಿದರೆ ಪ್ರತಿಯ ದರ ಇಳಿಯುತ್ತದೆ ನಿಜ, ಆದರೆ ಸರಣಿಯ ಮೊದಲ ಭಾಗದಲ್ಲಿ ತಿದ್ದುವುದು ಇದ್ದೇ ಇರುತ್ತದೆ, ಮಾರಾಟವಾಗದ ಕಟ್ಟು ಮನೆಯಲ್ಲಿ ಗೆದ್ದಲಿಗೆ. ಅಂಗಡಿಯವರು ಶೇ 30ರಿಂದ 40 ಕಮಿಷನ್ ಕೇಳುತ್ತಾರೆ. ₹300 ಮುಖಬೆಲೆಗೆ ಶೇ 40 ಹೋದರೆ ₹180 ಉಳಿಯುತ್ತದೆ, ಅಚ್ಚಿನ ಖರ್ಚು ಅದರೊಳಗೆ ಬರಬೇಕು. ಮುದ್ರಣವೆಚ್ಚದ ಮೂರು ಪಟ್ಟಿಗಿಂತ ಕಡಿಮೆ ಬೆಲೆ ಇಡಬೇಡಿ.

ಉತ್ತರ 2: ಓದಿದ್ದೇ_ಓದು

ಇ-ಬುಕ್: ಲೇಖಕರೇ ಪುಸ್ತಕ ಏರಿಸುವ ತಾಣ ಅಮೆಜಾನ್ ಕೆಡಿಪಿ 2018ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗೆ ಬಾಗಿಲು ತೆರೆಯಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಬೇರೆ ಭಾಷೆಯ ಹೆಸರಿನಲ್ಲಿ ಕನ್ನಡ ಪುಸ್ತಕ ಏರಿಸಿ ಖಾತೆಗೆ ಕುತ್ತು ತಂದುಕೊಳ್ಳಬೇಡಿ. ಗೂಗಲ್ ಪ್ಲೇ ಬುಕ್ಸ್ ಕನ್ನಡದ ಇಪಬ್ (ಇ-ಬುಕ್ ಫೈಲ್) ತೆಗೆದುಕೊಳ್ಳುತ್ತದೆ. ಏರಿಸುವ ಮುಂಚೆ ಇಪಬ್‌ಚೆಕ್‌ನಲ್ಲಿ ದೋಷ ನೋಡಿ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ಒತ್ತಕ್ಷರ ಪರೀಕ್ಷಿಸಿ.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು. ಅಚ್ಚಿಗೆ ಒಂದು, ಇಪಬ್‌ಗೆ ಇನ್ನೊಂದು ಬೇಕು. ದುಡ್ಡು ತೆಗೆದುಕೊಂಡು ಕೊಡಿಸುತ್ತೇವೆ ಅನ್ನುವವರ ಸಹವಾಸ ಬೇಡ.

ಅದಕ್ಕೂ ಮುಂಚೆ ಆ ಆ್ಯಪ್‌ನ ಒಪ್ಪಂದ ಓದಿ. ಕಂತು ಲಾಕ್ ಮಾಡಿ ಹಣ ಪಡೆದಿದ್ದರೆ ಬೇರೆಡೆ ಪ್ರಕಟಿಸಲು ತಡೆ ಇರಬಹುದು. ಆಡಿಯೊ, ಅನುವಾದ, ದೃಶ್ಯಮಾಧ್ಯಮದ ಹಕ್ಕು ಯಾರ ಬಳಿ ಇದೆ ಎಂದು ಒಂದೊಂದೇ ಗುರುತುಹಾಕಿಕೊಳ್ಳಿ. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಸೆಕ್ಷನ್ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಅರ್ಥ. ಆದರೆ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದು ಬರೆದಿರುವ ಕಾಗದಕ್ಕೆ ಸಹಿ ಬಿದ್ದಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಉತ್ತರ 3: ಬಹುಳ_ಚೌತಿ, ಕೋಲಾರ

ಎರಡನೇ ಭಾಗದ ಸಿದ್ಧತೆಗೆ ಎರಡು ಹಾಳೆ ಸಾಕು, ಆದರೆ ಅವಿಲ್ಲದೆ ಮೊದಲ ಕಂತು ಹಾಕಬೇಡಿ.

ಒಂದು, ಆತ್ಮದ ನಿಯಮ. ಯಾರಿಗೆ ಕಾಣುತ್ತದೆ, ಮುಟ್ಟಬಹುದೇ, ಎಲ್ಲಿಯವರೆಗೆ ಚಲಿಸಬಲ್ಲದು, ಶಕ್ತಿ ಬಳಸಿದರೆ ಏನು ಕಳೆದುಕೊಳ್ಳುತ್ತದೆ, ಇವೆಲ್ಲ ಬರೆದಿಡಿ. ನಿಮ್ಮ ನಾಯಕ ಕೋಟೆ ಬಿಟ್ಟು ಕದಲಲಾರ ಅಂದಿರಿ. ಹಾಗಾದರೆ ಕೆಜಿಎಫ್‌ಗೆ ಹೇಗೆ ಬಂದ? ಮೊದಲ ಭಾಗದಲ್ಲೇ ಅದಕ್ಕೊಂದು ಬೀಜ ಇಲ್ಲದಿದ್ದರೆ ಈಗ, ಅಚ್ಚಿಗೆ ಹೋಗುವ ಮುಂಚೆಯೇ, ಬಿತ್ತಿಬಿಡಿ. ಕೊನೆಯಲ್ಲಿ ಇಬ್ಬರೂ ಒಂದಾಗುವುದು ಈ ಪ್ರಕಾರದ ಓದುಗರಿಗೆ ಕೊಟ್ಟ ಮಾತು. ಒಬ್ಬರು ದೇಹವಿಲ್ಲದವರಾದಾಗ ಅದು ಹೇಗೆ ಸಾಧ್ಯ ಎಂಬುದನ್ನು ಮೊದಲೇ ತೀರ್ಮಾನಿಸಿ. ವಶೀಕರಣದಿಂದ ಹುಟ್ಟಿದ ಒಲವನ್ನು ಪ್ರೇಮ ಎಂದು ತೋರಿಸಬೇಡಿ, ಅಲ್ಲಿಗೆ ನಾಯಕಿಯ ಆಯ್ಕೆಯೇ ಇಲ್ಲವಾಗುತ್ತದೆ.

ಎರಡು, ತಿಥಿಪಟ್ಟಿ. ಪಂಚಾಂಗ ಎದುರಿಗಿಟ್ಟು ಪ್ರತಿ ಅಧ್ಯಾಯದ ತಾರೀಖು ಬರೆಯಿರಿ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ ನಡುರಾತ್ರಿ ನೆತ್ತಿಗೆ ಬರುತ್ತಾನೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಸಂಕಷ್ಟಿಗೆ ಒಂಬತ್ತರ ಆಸುಪಾಸಿನವರೆಗೆ ಕಾಯಬೇಕೆಂದು ಉಪವಾಸ ಮಾಡುವ ಓದುಗರಿಗೆಲ್ಲ ಗೊತ್ತು. ಬಹುಳ ಅಷ್ಟಮಿಗೆ ನಡುರಾತ್ರಿಯೇ ಆಗುತ್ತದೆ. ಅಮಾವಾಸ್ಯೆಯಾದ ಎರಡನೇ ದಿನ ನಡುರಾತ್ರಿ ಬೆಳದಿಂಗಳು ಚೆಲ್ಲಿದರೆ ಕಮೆಂಟಿನಲ್ಲಿ ಅದೇ ಮಾತು ಶುರುವಾಗುತ್ತದೆ.

ಕೆಜಿಎಫ್ ಬಗ್ಗೆ: ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಪಂಪು ನಿಂತ ಮೇಲೆ ಆಳದಲ್ಲೆಲ್ಲ ನೀರು ತುಂಬಿದೆ. ಇವತ್ತಿನ ನಾಯಕಿಯನ್ನು ತಳಕ್ಕೆ ಇಳಿಸಲಾಗದು, ದೃಶ್ಯವನ್ನು ಗಣಿಗೆ ಇಳಿಯುವ ಶಾಫ್ಟ್‌ನ ಬಾಯಿಗೋ ಅದಿರಿನ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಕ್ಕೋ ತನ್ನಿ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ.ಗೂ ಆಳ, ತಳದ ಬಂಡೆ 60 ಡಿಗ್ರಿ ದಾಟಿ ಸುಡುತ್ತಿತ್ತು. ಹಾಗಾಗಿ ಗಣಿಯ ಪ್ರೇತ ಬಂದಾಗ ಚಳಿ ಆಗುವುದಕ್ಕಿಂತ ಬಿಸಿ ಗಾಳಿ ನುಗ್ಗುವುದು ಸರಿ. ಶಿವನಸಮುದ್ರದ ಕರೆಂಟು 1902ರಲ್ಲೇ ಬಂದಿತ್ತು. 1910ರಲ್ಲಿ ಸತ್ತ ಪಾತ್ರ ವಿದ್ಯುತ್ ದೀಪ ಕಂಡು ಬೆರಗಾಗಬಾರದು. ಗಣಿ ಕಾರ್ಮಿಕರಲ್ಲಿ ತಮಿಳು, ತೆಲುಗು ಆಡುವವರೇ ಹೆಚ್ಚಿದ್ದರು, ಆ ಪಾತ್ರದ ಬಾಯಲ್ಲಿ ಮೈಸೂರಿನ ಪುಸ್ತಕದ ಕನ್ನಡ ಬರಬಾರದು.

ಬೆಟ್ಟದ_ನೆಲ್ಲಿ

ತುಂಬಾ ಉಪಕಾರವಾಯಿತು. ಇನ್ನೊಂದು: ದುರ್ಗದ ನರಸಿಂಹಸ್ವಾಮಿ ಗುಡಿಯನ್ನೇ ಶಾಪದ ಮೂಲವಾಗಿ ಇಟ್ಟಿದ್ದೇನೆ. ಬದಲಿಸಬೇಕೇ? ಹೊಸ ಭಾಗದ ಎಷ್ಟು ಕಂತು ಮೊದಲೇ ಬರೆದಿಟ್ಟಿರಬೇಕು?

ಬಹುಳ_ಚೌತಿ, ಕೋಲಾರ

ಬದಲಿಸಿ. ಅದು ಜನ ನಡೆದುಕೊಳ್ಳುವ ಗುಡಿ. ಬೆಟ್ಟ, ಕಾಡು, ನಾಮದ ಚಿಲುಮೆ ಹಾಗೇ ಇರಲಿ. ಶಾಪಕ್ಕೆ ಹೆಸರಿಲ್ಲದ ಒಂದು ಪಾಳು ಮಂಟಪ ಕಲ್ಪಿಸಿಕೊಂಡರೆ ಕಥೆಗೂ ಸಲೀಸು. ಹತ್ತು ಕಂತು, ತಲಾ 1,200 ಪದದಷ್ಟು, ತಿದ್ದಿ ಮುಗಿದಿರಲಿ. ವಾರಕ್ಕೆ ಎರಡರಂತೆ ಹಾಕಿದರೆ ಐದು ವಾರದ ಬಿಡುವು ಸಿಗುತ್ತದೆ, ಜ್ವರ ಬಂದರೂ ಮನೆಯಲ್ಲಿ ಮದುವೆ ಇದ್ದರೂ ದಿನ ತಪ್ಪುವುದಿಲ್ಲ. ಉಳಿದದ್ದು ನಾಲ್ಕಕ್ಕೆ ಇಳಿದರೆ ವಾರಕ್ಕೆ ಒಂದು ಮಾಡಿ, ಅದನ್ನು ಓದುಗರಿಗೆ ಮೊದಲೇ ತಿಳಿಸಿ.